ತೊಗಲಿನೊಳಗಿನ ಮೂರೆಳೆ

ಕುರಿಕಾಲಿನ ಸೂಪು ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಕಾಲನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಕೆರೆದು, ತುಂಡು ಮಾಡಿ, ಮೆಣಸು ಜೀರಿಗೆ ಕುಟ್ಟಿ ಹಾಕಿ ಮಂದ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ರಸ ಬೆರಳಿಗೆ ಅಂಟುತ್ತದೆ. ಮಿಕ್ಕದ್ದನ್ನು ರಾತ್ರಿ ಮುಚ್ಚಿಟ್ಟರೆ, ನಮ್ಮ ಹೊಸೂರು ಸೀಮೆಯ ಧನುರ್ಮಾಸದ ಚಳಿಗೆ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಪಾತ್ರೆ ಅಲುಗಿಸಿದರೆ ಇಡಿಯಾಗಿ ನಡುಗುತ್ತದೆ. ಅದಕ್ಕೆ ಯಾರೂ ಹಿಟ್ಟು ಬೆರೆಸಿಲ್ಲ. ಮೇಲೆ ತೇಲಿದ ಕೊಬ್ಬನ್ನೆಲ್ಲ ತೆಗೆದರೂ ಅದು ಗಟ್ಟಿಯೇ. ಒಲೆಗೆ ಇಟ್ಟರೆ ಮತ್ತೆ ನೀರು. ಕುರಿಯ ಕಾಲಿನಲ್ಲಿ ಮಾಂಸ ಅಷ್ಟಕ್ಕಷ್ಟೇ. ಇರುವುದೆಲ್ಲ ಚರ್ಮ, ಸ್ನಾಯುರಜ್ಜು, ಕೀಲು, ಮೂಳೆ. ಇವನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿದ್ದ ನೂಲು ಬಿಸಿಗೆ ಬಿಚ್ಚಿಕೊಂಡು ನೀರಿಗೆ ಇಳಿದಿದೆ. ಬಿಚ್ಚಿಕೊಂಡ ಮೇಲೆ ಅದು ಜೆಲಾಟಿನ್. ಬಿಚ್ಚುವ ಮುಂಚೆ ಕೊಲಾಜೆನ್.

ನಮ್ಮ ಮೈಯಲ್ಲಿರುವ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಈ ಕೊಲಾಜೆನ್ನೇ. ಈ ನೂಲನ್ನು ಹೊಸೆದಿರುವ ಬಗೆ ಜಗತ್ತಿಗೆ ಮೊದಲು ತಿಳಿದದ್ದು 1954ರಲ್ಲಿ, ಮದ್ರಾಸಿನಿಂದ. ತಿಳಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಪಳಗಿದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರ ಗೋಪಿನಾಥ ಕರ್ತಾ.

ಹೊಸೂರಿನ ಮಗ್ಗುಲಿನ ಮತ್ತಿಗಿರಿಯ ನಮಗೆ ಈ ಕತೆ ದೂರದ್ದಲ್ಲ. ಬೆಂಗಳೂರಿನಿಂದ ಹೊರಟ ಹೆದ್ದಾರಿ ಹೊಸೂರು, ಕೃಷ್ಣಗಿರಿ ದಾಟಿ, ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಕಡೆಯಿಂದ ಮದ್ರಾಸಿಗೆ ಇಳಿಯುತ್ತದೆ. ದಾರಿಯ ಈ ತುದಿಯಲ್ಲಿ ನಮ್ಮ ಕ್ಯಾಟಲ್ ಫಾರ್ಮ್ ಇದೆ. 19ನೇ ಶತಮಾನದಲ್ಲಿ ಸೇನೆಯ ಕುದುರೆಗಳಿಗಾಗಿ ಶುರುವಾಗಿ, ಆಮೇಲೆ ದನದ ತಳಿಗಳಿಗೆ, ಅದರಲ್ಲೂ ಕೆಂಪು ಸಿಂಧಿಗೆ ಹೆಸರಾದ ಜಾಗ ಅದು. ದಕ್ಷಿಣದ ಜಾನುವಾರುಗಳ ಬಗ್ಗೆ 1936ರಲ್ಲಿ ದೊಡ್ಡ ಪುಸ್ತಕ ಬರೆದ ಲಿಟಲ್‌ವುಡ್ ಕೆಲಸ ಮಾಡಿದ್ದು ಇಲ್ಲೇ. ದಾರಿಯ ನಡುವಿನ ಊರುಗಳೆಲ್ಲ ತೊಗಲು ಹದಮಾಡುವ ಊರುಗಳು. ಆ ತುದಿಯಲ್ಲಿ, ಮದ್ರಾಸಿನ ಅಡ್ಯಾರಿನಲ್ಲಿ, 1948ರಲ್ಲಿ ಶುರುವಾದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ. ದನ, ತೊಗಲು, ತೊಗಲಿನ ವಿಜ್ಞಾನ, ಈ ಮೂರೂ ಒಂದೇ ದಾರಿಯ ಮೇಲಿವೆ. ಭೌತವಿಜ್ಞಾನಿಯೊಬ್ಬ ಮೈಯೊಳಗಿನ ನೂಲಿನ ಗುಟ್ಟು ಹಿಡಿಯಲು ಈ ನೆರೆಹೊರೆಯೇ ಕಾರಣವಾಯಿತು ಎಂದು ನಾನು ನಂಬಿದ್ದೇನೆ.

ಕತೆಯ ಬೇರು ಮಾತ್ರ ಇನ್ನೂ ಹಿಂದಿನದು, ಪ್ಯಾರಿಸ್ಸಿನದು. ಕ್ಸೇವಿಯರ್ ಬಿಷಾ ಎಂಬ ಯುವ ವೈದ್ಯ ಅಲ್ಲಿ ಹಗಲೂ ರಾತ್ರಿ ಹೆಣ ಕೊಯ್ಯುತ್ತಿದ್ದ. ಒಂದೇ ಚಳಿಗಾಲದಲ್ಲಿ ಆರುನೂರು ಹೆಣ ಕೊಯ್ದ ಎಂಬ ಮಾತಿದೆ. ಅಲ್ಲಿಯವರೆಗೆ ವೈದ್ಯರು ಮೈಯನ್ನು ನೋಡುತ್ತಿದ್ದದ್ದು ಅಂಗಗಳ ಲೆಕ್ಕದಲ್ಲಿ: ಗುಂಡಿಗೆ, ಪಿತ್ತಕೋಶ, ಮೂತ್ರಪಿಂಡ. ಬಿಷಾ ಅಂಗಗಳನ್ನು ಬಿಟ್ಟು, ಅವು ಯಾವುದರಿಂದ ಆಗಿವೆ ಎಂದು ನೋಡಿದ. ಸೂಕ್ಷ್ಮದರ್ಶಕದ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಆ ಕಾಲದ ಮಸೂರಗಳು ಇಲ್ಲದ್ದನ್ನೂ ತೋರಿಸುತ್ತಿದ್ದುದರಿಂದ ಆ ಅಪನಂಬಿಕೆ ತಪ್ಪೂ ಅಲ್ಲ. ಹಾಗಾಗಿ ತುಂಡುಗಳನ್ನು ಬೇಯಿಸಿದ, ಒಣಗಿಸಿದ, ಕೊಳೆಯಲು ಬಿಟ್ಟ, ಆಮ್ಲದಲ್ಲಿ ಅದ್ದಿದ. ಯಾವುದು ಕರಗುತ್ತದೆ, ಯಾವುದು ಸುರುಟುತ್ತದೆ, ಯಾವುದು ಜಗ್ಗದೆ ನಿಲ್ಲುತ್ತದೆ ಎಂದು ಬರೆದಿಟ್ಟ. ಎಲ್ಲಿಂದ ಕತ್ತರಿಸಿ ತಂದರೂ ಒಂದೇ ರೀತಿ ವರ್ತಿಸುವ 21 ಬಗೆಯ ಅಂಗಾಂಶಗಳನ್ನು ಗುರುತಿಸಿ 1801ರಲ್ಲಿ ಗ್ರಂಥ ತಂದ. ಮರುವರ್ಷ ತೀರಿಕೊಂಡ. ಆಗ ಅವನಿಗಿನ್ನೂ ಮೂವತ್ತು.

ಆಮೇಲೆ ಮಸೂರಗಳು ಸುಧಾರಿಸಿದವು. 1839ರಲ್ಲಿ ಶ್ವಾನ್ ಪ್ರಾಣಿಯ ಮೈಯೆಲ್ಲ ಜೀವಕೋಶಗಳಿಂದಾದದ್ದು ಎಂದು ಸಾರಿದ. 1852ರಲ್ಲಿ ಕೋಲಿಕರ್ ಅಂಗಾಂಶಗಳ ಮೊದಲ ದೊಡ್ಡ ಪಠ್ಯ ಬರೆದ. ಬಿಷಾನ ಇಪ್ಪತ್ತೊಂದು ಬಗೆ ಕೂಡುತ್ತ ಕಳೆಯುತ್ತ ನಾಲ್ಕಕ್ಕೆ ಇಳಿಯಿತು. ಇವತ್ತು ಒಂಬತ್ತನೇ ತರಗತಿಯ ಮಕ್ಕಳು ಓದುವುದು ಆ ನಾಲ್ಕನ್ನೇ: ಹೊರಗೂ ಒಳಗೂ ಹೊದಿಕೆಯಾಗಿರುವ ಅನುಲೇಪಕ ಅಂಗಾಂಶ, ಎಳೆದು ಸಡಿಲಿಸುವ ಸ್ನಾಯು ಅಂಗಾಂಶ, ಸುದ್ದಿ ಸಾಗಿಸುವ ನರ ಅಂಗಾಂಶ, ಮತ್ತು ಸಂಯೋಜಕ ಅಂಗಾಂಶ.

ಪಾಠದಲ್ಲಿ ಈ ನಾಲ್ಕನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಆದರೆ ನಾಲ್ಕನೆಯದು ಉಳಿದವುಗಳ ಸಾಲಿಗೆ ಸೇರಿದ್ದಲ್ಲ. ಅನುಲೇಪಕದಲ್ಲಿ ಕೋಶಕ್ಕೆ ಕೋಶ ಒತ್ತಿಕೊಂಡಿರುತ್ತದೆ. ನಡುವೆ ಜಾಗವೇ ಇಲ್ಲ. ಅವು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಎಂಬುದರ ಹುಡುಕಾಟವೇ ಒಂದು ಬೇರೆ ಕತೆ. 1864ರಲ್ಲಿ ಇಟಲಿಯ ಬಿಝೊಝೆರೊ ಚರ್ಮದ ಕೋಶಗಳ ನಡುವೆ ಪುಟ್ಟ ಪುಟ್ಟ ಗಂಟುಗಳನ್ನು ಕಂಡ. 1900ರಲ್ಲಿ ಹರ್ಬ್ಸ್ಟ್ ಸಮುದ್ರದ ಮುಳ್ಳುಜೀವಿಯ ಭ್ರೂಣವನ್ನು ಕ್ಯಾಲ್ಸಿಯಂ ಇಲ್ಲದ ನೀರಿಗೆ ಹಾಕಿದಾಗ ಅದರ ಕೋಶಗಳು ಚದುರಿ ಬಿಡಿಬಿಡಿಯಾದವು. ಕೋಶಗಳ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು ಎಂದಾಯಿತು. 1963ರಲ್ಲಿ ಫಾರ್ಕರ್ ಮತ್ತು ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕರುಳು, ಮೂತ್ರಪಿಂಡಗಳ ಒಳಪದರ ನೋಡಿ, ಪಕ್ಕದ ಕೋಶಗಳ ನಡುವೆ ಮೂರು ಬಗೆಯ ಬೆಸುಗೆ ಕ್ರಮವಾಗಿ ಒಂದರ ಕೆಳಗೊಂದು ಇರುವುದನ್ನು ತೋರಿಸಿದರು. ಮೇಲಿನದು ನೀರೂ ನುಸುಳದಂತೆ ಬಿಗಿಯಾದದ್ದು, ಕೆಳಗಿನದು ಬಿಝೊಝೆರೊ ಕಂಡ ಗಂಟು. ಕ್ಯಾಲ್ಸಿಯಂ ಇದ್ದಾಗ ಮಾತ್ರ ಹಿಡಿಯುವ ಪ್ರೋಟೀನು ಯಾವುದು ಎಂಬುದನ್ನು ಬಿಡಿಸಿದವರು ಜಪಾನಿನ ತಕೇಚಿ. ಕ್ಯೋಟೋದಲ್ಲಿ ಸರಾಗವಾಗಿ ಅಂಟಿಕೊಳ್ಳುತ್ತಿದ್ದ ಕೋಶಗಳು ಅಮೆರಿಕದ ಪ್ರಯೋಗಾಲಯದಲ್ಲಿ ಅಂಟಲೊಲ್ಲವು. ವಿಚಾರಿಸಿ ನೋಡಿದರೆ, ಅಲ್ಲಿ ಕೋಶಗಳನ್ನು ಬಿಡಿಸಲು ಬಳಸುವ ದ್ರಾವಣದಲ್ಲಿ ಕ್ಯಾಲ್ಸಿಯಂ ಹೀರಿಕೊಳ್ಳುವ ಒಂದು ಪದಾರ್ಥ ಸೇರಿತ್ತು. ಆ ಸುಳಿವು ಹಿಡಿದು ಹೋದವರಿಗೆ ಕೊನೆಗೆ ಕ್ಯಾಡ್‌ಹೆರಿನ್ ಸಿಕ್ಕಿತು.

ಸಂಯೋಜಕ ಅಂಗಾಂಶದಲ್ಲಿ ಈ ತಬ್ಬುಗೆ ಇಲ್ಲ. ಅಲ್ಲಿ ಕೋಶಗಳು ವಿರಳ, ಒಂದಕ್ಕೊಂದು ದೂರ ದೂರ. ನಡುವಿನ ಜಾಗವನ್ನೆಲ್ಲ ಅವೇ ನೂತು ಹೊರಗೆ ಬಿಟ್ಟ ನೂಲು ತುಂಬಿರುತ್ತದೆ. ಮೈಯ ಭಾರ ಹೊರುವುದು ಕೋಶವಲ್ಲ, ಆ ನೂಲು. ಚರ್ಮದ ಒಳಪದರದ ನೀರು ಆರಿಸಿ ತೂಗಿದರೆ ಮುಕ್ಕಾಲು ಪಾಲಿನಷ್ಟು ಕೊಲಾಜೆನ್ನೇ ಸಿಗುತ್ತದೆ. ಸ್ನಾಯುರಜ್ಜು, ಮೂಳೆ, ಮೃದ್ವಸ್ಥಿ, ಹಲ್ಲು, ಕಣ್ಣಿನ ಪಾರದರ್ಶಕ ಪೊರೆ ಎಲ್ಲದರಲ್ಲೂ ಅದೇ ವಂಶದ ನೂಲು. ಒಂದು ಕಡೆ ಗಾಜಿನಂತೆ ಬೆಳಕು ಬಿಡುತ್ತದೆ, ಇನ್ನೊಂದು ಕಡೆ ಎತ್ತಿನ ನೊಗದ ಭಾರ ತಡೆಯುತ್ತದೆ.

ಇದನ್ನು ಕೈಯಿಂದ ಬಲ್ಲವರು ಬಿಷಾನಿಗಿಂತ ಸಾವಿರಾರು ವರ್ಷ ಹಿಂದಿನಿಂದಲೂ ಇದ್ದರು. ಸತ್ತ ದನದ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲನ್ನೂ ಮೇಲಿನ ಅನುಲೇಪಕ ಪದರವನ್ನೂ ಕೆರೆದು, ಒಳಗಿನ ಮಾಂಸವನ್ನು ಹೆರೆದು ತೆಗೆದರೆ ಉಳಿಯುವುದು ಸಂಯೋಜಕ ಅಂಗಾಂಶ ಒಂದೇ. ಅದನ್ನು ಆವರಿಕೆ ತೊಗಟೆಯ ಕಷಾಯದಲ್ಲಿ, ಅಳಲೆಕಾಯಿಯ ನೀರಿನಲ್ಲಿ ನೆನೆಹಾಕಿದರೆ ಒಗರು ನೂಲು ನೂಲಿನ ನಡುವೆ ಹೊಕ್ಕು ಹಿಡಿದುಕೊಳ್ಳುತ್ತದೆ. ಹಸಿ ತೊಗಲು ನೀರಿನಲ್ಲಿ ಸುಮಾರು 65 ಡಿಗ್ರಿಗೆ ಸುರುಟಿ ಮುದುಡುತ್ತದೆ. ಹದಮಾಡಿದ್ದು ಇನ್ನೂ ಹತ್ತು-ಇಪ್ಪತ್ತು ಡಿಗ್ರಿ ತಡೆಯುತ್ತದೆ. ಕ್ರೋಮಿಯಂ ಹಾಕಿ ಹದಮಾಡಿದರೆ ಕುದಿಯುವ ನೀರಿಗೂ ಜಗ್ಗದು. ಆವರಿಕೆ ತೊಗಟೆಯಲ್ಲಿ ಹದಗೊಂಡ ಮದ್ರಾಸಿನ ತೊಗಲು ಲಂಡನ್ನಿನ ಪೇಟೆಯವರೆಗೂ ಹೆಸರಾಗಿತ್ತು. ಆ ಹದ ಬಲ್ಲ ಕೈಗಳನ್ನು ನಮ್ಮ ಸಮಾಜ ಮುಟ್ಟಿಸಿಕೊಳ್ಳಲಿಲ್ಲ. ಅವರ ತಿಳಿವಳಿಕೆಯನ್ನು ಬರೆದಿಟ್ಟವರೂ ಕಡಿಮೆ. ಇದು ದೊಡ್ಡ ನಷ್ಟ, ದೊಡ್ಡ ಅನ್ಯಾಯ ಕೂಡ. ಕಲ್ಯಾಣದ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು ಎಂಬುದನ್ನು ಭಕ್ತಿಯ ಕತೆಯಾಗಿ ಕೇಳಿದ್ದೇವೆ. ಆ ಕತೆ ಕಟ್ಟಿಕೊಂಡವರಿಗೆ ಇನ್ನೊಂದು ಸತ್ಯವೂ ಗೊತ್ತಿತ್ತು ಎಂದು ನನಗನಿಸುತ್ತದೆ: ಮನುಷ್ಯನ ತೊಗಲಿಗೂ ದನದ ತೊಗಲಿಗೂ ಒಳಗಿನ ಹೆಣಿಗೆ ಒಂದೇ.

ಹೊರಗಿನ ಜಗತ್ತಿನಲ್ಲೂ ಕೊಲಾಜೆನ್ ಮೊದಲು ಚರ್ಮೋದ್ಯಮದ ಪ್ರಶ್ನೆಯೇ ಆಗಿತ್ತು. ಲೀಡ್ಸ್‌ನ ವಿಲಿಯಂ ಆಸ್ಟ್‌ಬರಿ ಉಣ್ಣೆ, ರೇಷ್ಮೆಯ ಎಳೆಗಳ ಮೇಲೆ ಕ್ಷ-ಕಿರಣ ಹಾಯಿಸಿ ನೋಡುತ್ತಿದ್ದವರು. ಕೊಲಾಜೆನ್ ಕುರಿತ ತಮ್ಮ ಮಾದರಿಯನ್ನು 1940ರಲ್ಲಿ ಅವರು ಪ್ರಕಟಿಸಿದ್ದು ಚರ್ಮ ರಸಾಯನಜ್ಞ ಪ್ರಾಕ್ಟರ್ ಅವರ ನೆನಪಿನ ಉಪನ್ಯಾಸವಾಗಿ, ಚರ್ಮದ ವ್ಯಾಪಾರದ ರಸಾಯನಜ್ಞರ ಪತ್ರಿಕೆಯಲ್ಲಿ. ಅದು ನಿಲ್ಲಲಿಲ್ಲ. 1951ರಲ್ಲಿ ಲೈನಸ್ ಪೌಲಿಂಗ್ ಮತ್ತು ಕೋರಿ ಮೂರು ಸರಪಳಿಗಳ ಒಂದು ಮಾದರಿ ಕೊಟ್ಟರು. ಅದೂ ಕ್ಷ-ಕಿರಣದ ಚಿತ್ರಕ್ಕೆ ಹೊಂದಲಿಲ್ಲ. ಪೌಲಿಂಗ್ ಆ ಹೊತ್ತಿಗೆ ಪ್ರೋಟೀನಿನ ಆಲ್ಫಾ ಸುರುಳಿಯನ್ನು ಬಿಡಿಸಿ ಜಗತ್ತನ್ನೇ ಬೆರಗುಗೊಳಿಸಿದ್ದವರು. ಅವರೂ ಎಡವಿದ ಜಾಗ ಇದು.

ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. ತಿರುಚಿನಾಪಳ್ಳಿಯಲ್ಲಿ ಭೌತಶಾಸ್ತ್ರ ಓದಿ 1942ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗಿಗೆ. ರಾಮನ್ ಆ ಹುಡುಗನನ್ನು ತಮ್ಮ ವಿಭಾಗಕ್ಕೆ ಎಳೆದುಕೊಂಡರು. ಅಲ್ಲಿ ವಜ್ರಗಳ ಮೇಲೆ ಕ್ಷ-ಕಿರಣ ಹಾಯಿಸಿ ಅವುಗಳ ಒಳಗಿನ ದೋಷಗಳನ್ನು ಚಿತ್ರಿಸುವುದು ಅವರ ಕೆಲಸಗಳಲ್ಲಿ ಒಂದಾಯಿತು. ಕೇಂಬ್ರಿಡ್ಜಿನಲ್ಲಿ ಎರಡು ವರ್ಷ ಇದ್ದು 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಕುಲಪತಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಭೌತಶಾಸ್ತ್ರದ ಪೀಠಕ್ಕೆ ರಾಮನ್ ಅವರನ್ನೇ ಕೇಳಿದಾಗ, ರಾಮನ್ ತೋರಿಸಿದ್ದು ರಾಮಚಂದ್ರನ್ ಅವರನ್ನು. ಪ್ರಾಧ್ಯಾಪಕನಾಗಿ ಬೆಂಗಳೂರು ಬಿಟ್ಟಾಗ ಅವರಿಗೆ ಮೂವತ್ತು ತುಂಬುವುದರಲ್ಲಿತ್ತು.

ಹೊಸ ವಿಭಾಗ, ಖಾಲಿ ಪ್ರಯೋಗಾಲಯ. ಯಾವ ಪ್ರಶ್ನೆ ಹಿಡಿಯುವುದು ಎಂದು ಅವರು ಯೋಚಿಸುತ್ತಿದ್ದ ಕಾಲಕ್ಕೆ ಬ್ರಿಟನ್ನಿನ ಹರಳು ವಿಜ್ಞಾನಿ ಜೆ. ಡಿ. ಬರ್ನಾಲ್ ಮದ್ರಾಸಿಗೆ ಬಂದರು. ಕೊಲಾಜೆನ್ನಿನ ಬಗ್ಗೆ ಈವರೆಗೆ ಬಂದ ಯಾವ ಮಾದರಿಯೂ ಸರಿಯಿಲ್ಲ ಎಂಬುದು ಅವರ ಮಾತಾಗಿತ್ತು. ರಾಮಚಂದ್ರನ್ ಅದನ್ನೇ ಹಿಡಿದರು. ಶುದ್ಧ ಕೊಲಾಜೆನ್ ಎಲ್ಲಿ ಸಿಗುತ್ತದೆ ಎಂದು ದೇಶಾಂತರ ಪತ್ರ ಬರೆಯಬೇಕಾಗಿರಲಿಲ್ಲ. ಚರ್ಮ ಸಂಶೋಧನಾ ಸಂಸ್ಥೆ ಪಕ್ಕದಲ್ಲೇ ಇತ್ತು. ಅಲ್ಲಿಂದ ಕಾಂಗರೂ ಬಾಲದ ಸ್ನಾಯುರಜ್ಜು ಬಂತು. ಬಾಲದ ರಜ್ಜುವಿನಲ್ಲಿ ಕೊಲಾಜೆನ್ ಎಳೆಗಳೆಲ್ಲ ಒಂದೇ ದಿಕ್ಕಿಗೆ ಹಾಸಿರುತ್ತವೆ. ಚರ್ಮದಲ್ಲಿ ಅವು ಅಡ್ಡಾದಿಡ್ಡಿ ಹೆಣೆದುಕೊಂಡಿರುವುದರಿಂದ ಚಿತ್ರ ಕಲಸಿಹೋಗುತ್ತದೆ. ಸ್ಪಷ್ಟ ಚಿತ್ರ ಬೇಕೆಂದರೆ ರಜ್ಜುವೇ ಬೇಕು.

ಎಳೆಯೊಂದನ್ನು ಬಿಗಿದು ನಿಲ್ಲಿಸಿ ಅಡ್ಡಡ್ಡವಾಗಿ ಕ್ಷ-ಕಿರಣ ಹಾಯಿಸಿದರೆ ಹಿಂದಿನ ಫಿಲ್ಮಿನಲ್ಲಿ ಎಳೆಯ ಚಿತ್ರವೇನೂ ಮೂಡುವುದಿಲ್ಲ. ಮೂಡುವುದು ಕೆಲವು ಚುಕ್ಕೆ, ಕೆಲವು ಕಮಾನು. ಅಣುವಿನಲ್ಲಿ ಯಾವ ಅಂತರದಲ್ಲಿ ಒಂದೇ ವಿನ್ಯಾಸ ಮರುಕಳಿಸುತ್ತದೆ ಎಂಬುದನ್ನು ಅವು ಹೇಳುತ್ತವೆ. ಕೊಲಾಜೆನ್ ಚಿತ್ರದಲ್ಲಿ ಎದ್ದು ಕಾಣುವುದು 0.29 ನ್ಯಾನೊಮೀಟರಿನ ಗುರುತು, ಎಂದರೆ ಎಳೆಯ ಉದ್ದಕ್ಕೂ ಒಂದು ಅಮೈನೋ ಆಮ್ಲದಿಂದ ಮುಂದಿನದಕ್ಕೆ ಇರುವ ಹೆಜ್ಜೆಯ ಅಳತೆ. ಆಲ್ಫಾ ಸುರುಳಿಯ ಹೆಜ್ಜೆ ಇದರ ಅರ್ಧದಷ್ಟು. ಹಾಗಾದರೆ ಕೊಲಾಜೆನ್ ಸರಪಳಿ ಬಹಳ ಹಿಗ್ಗಿ ನಿಂತಿದೆ. ಇಷ್ಟು ಭೌತವಿಜ್ಞಾನದ ಕೊಡುಗೆ. ಇನ್ನೊಂದು ಸುಳಿವು ರಸಾಯನಶಾಸ್ತ್ರದ್ದು. ಕೊಲಾಜೆನ್ನನ್ನು ಒಡೆದು ಅಳೆದವರು ಅದರ ಅಮೈನೋ ಆಮ್ಲಗಳಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಗ್ಲೈಸಿನ್ ಎಂದು ಹೇಳಿದ್ದರು. ಉಳಿದದ್ದರಲ್ಲಿ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಬಹಳ. ಈ ಮೂರೂ ಇಂಥ ಪ್ರಮಾಣದಲ್ಲಿ ಕೂಡಿರುವುದು ಬೇರೆ ಪ್ರೋಟೀನುಗಳಲ್ಲಿ ಅಪರೂಪ.

ಮೂರನೇ ಒಂದು ಪಾಲು ಎಂಬ ಈ ಸಂಖ್ಯೆಯೇ ರಾಮಚಂದ್ರನ್ ಅವರಿಗೆ ದಾರಿ ತೋರಿಸಿತು. ಎಲ್ಲರೂ ಅದನ್ನು ನೋಡಿದ್ದರು. ಅವರು ಅದಕ್ಕೆ ಅರ್ಥ ಕೇಳಿದರು. ಗ್ಲೈಸಿನ್ ಅಮೈನೋ ಆಮ್ಲಗಳಲ್ಲೇ ಅತಿ ಸಣ್ಣದು. ಉಳಿದವಕ್ಕೆ ಪಕ್ಕದಲ್ಲಿ ಪರಮಾಣುಗಳ ಒಂದು ಗೊಂಚಲು ಇದ್ದರೆ ಇದಕ್ಕೆ ಇರುವುದು ಒಂದೇ ಒಂದು ಹೈಡ್ರೋಜನ್. ಇಷ್ಟು ಸಣ್ಣದು ಇಷ್ಟು ಕ್ರಮವಾಗಿ ಇದೆ ಎಂದರೆ, ಅದು ಸರಪಳಿಯಲ್ಲಿ ಪ್ರತಿ ಮೂರನೇ ಸ್ಥಾನದಲ್ಲೂ ಇರಬೇಕು. ಆ ಸ್ಥಾನದಲ್ಲಿ ಬೇರೆ ಯಾವುದಕ್ಕೂ ಜಾಗ ಸಾಲದೇ ಇರಬೇಕು. ಜಾಗ ಸಾಲದ ಸ್ಥಾನ ಯಾವುದು? ಮೂರು ಸರಪಳಿಗಳು ಒತ್ತೊತ್ತಿಗೆ ನಿಂತಾಗ ನಡುವೆ ಉಳಿಯುವ ಇಕ್ಕಟ್ಟು. ಪ್ರತಿ ಸರಪಳಿಯೂ ಮೂರು ಹೆಜ್ಜೆಗೆ ಒಂದು ಸುತ್ತು ತಿರುಗಿದರೆ, ಪ್ರತಿ ಸುತ್ತಿನಲ್ಲೂ ಗ್ಲೈಸಿನ್ನೇ ಒಳಮುಖವಾಗಿ ಆ ಇಕ್ಕಟ್ಟಿಗೆ ಬಂದು ನಿಲ್ಲುತ್ತದೆ. ದಪ್ಪ ಗೊಂಚಲಿನವು ಹೊರಮುಖವಾಗುತ್ತವೆ. ಕೊಲಾಜೆನ್ನಿನ ಅಮೈನೋ ಆಮ್ಲಗಳ ಪೂರ್ತಿ ಸರಣಿ ಆಗ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಾದಾಗ, ಸಾವಿರಕ್ಕೂ ಮೇಲ್ಪಟ್ಟು ಉದ್ದದ ಸರಪಳಿಯಲ್ಲಿ ಗ್ಲೈಸಿನ್ ಪ್ರತಿ ಮೂರನೇ ಸ್ಥಾನದಲ್ಲೂ ತಪ್ಪದೆ ಕೂತಿತ್ತು.

ರಾಮಚಂದ್ರನ್–ಕರ್ತಾ ಲೇಖನ 1954ರ ಆಗಸ್ಟ್ 7ರ ‘ನೇಚರ್’ ಪತ್ರಿಕೆಯಲ್ಲಿ ಬಂತು. ಆದರೆ ಅವರಿಗೇ ಒಂದು ಕಿರಿಕಿರಿ ಉಳಿದಿತ್ತು. ಚಿತ್ರವನ್ನು ಬಿಗಿಯಾಗಿ ಅಳೆದರೆ ಒಂದು ಸುತ್ತಿಗೆ ಸರಿಯಾಗಿ ಮೂರು ಹೆಜ್ಜೆ ಬರುತ್ತಿರಲಿಲ್ಲ. ಮೂರು ಸುತ್ತಿಗೆ ಹತ್ತು ಹೆಜ್ಜೆ ಬರುತ್ತಿತ್ತು. ಹಾಗಾದರೆ ಸುತ್ತು ಸುತ್ತಿಗೂ ಗ್ಲೈಸಿನ್ ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಜರುಗಿ, ಕೊನೆಗೆ ಹೊರಮುಖವಾಗಿಬಿಡಬೇಕು. ಮಾದರಿಯೇ ಬಿದ್ದುಹೋಗಬೇಕು. ಇದಕ್ಕೆ ಉತ್ತರ ಸಿಕ್ಕಿದ್ದು ಚಂದ್ರನಿಂದ ಎಂದು ಅವರು ಹೇಳಿಕೊಂಡಿದ್ದಾರೆ. ಚಂದ್ರ ತನ್ನ ಸುತ್ತಲೂ ತಿರುಗುತ್ತಾನೆ, ಭೂಮಿಯ ಸುತ್ತಲೂ ತಿರುಗುತ್ತಾನೆ. ಎರಡೂ ಒಂದೇ ಲಯದಲ್ಲಿರುವುದರಿಂದ ನಮಗೆ ಯಾವಾಗಲೂ ಒಂದೇ ಮುಖ ಕಾಣುತ್ತದೆ. ಸರಪಳಿಯೂ ತನ್ನಷ್ಟಕ್ಕೆ ಸುರುಳಿಯಾಗುತ್ತ, ಜೊತೆಗೆ ಮೂರೂ ಸರಪಳಿಗಳು ಒಂದು ನಡು ಅಕ್ಷದ ಸುತ್ತ ನಿಧಾನವಾಗಿ ಸುತ್ತಿಕೊಂಡರೆ, ಜರುಗಿದ ಗ್ಲೈಸಿನ್ ಮತ್ತೆ ಒಳಮುಖಕ್ಕೇ ಬಂದು ನಿಲ್ಲುತ್ತದೆ. 1955ರ ಸೆಪ್ಟೆಂಬರಿನಲ್ಲಿ ಈ ತಿದ್ದುಪಡಿ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು.

ಕತ್ತಾಳೆ ನಾರಿನಿಂದ ಹಗ್ಗ ಹೊಸೆದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಯನ್ನು ಒಂದು ದಿಕ್ಕಿಗೆ ಹುರಿಮಾಡಿ, ಮೂರೆಳೆ ಕೂಡಿಸುವಾಗ ಎದುರು ದಿಕ್ಕಿಗೆ ಹೊಸೆಯುತ್ತೇವೆ; ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ. ಕೊಲಾಜೆನ್ನಿನಲ್ಲೂ ಬಿಡಿ ಸರಪಳಿಯ ಸುರುಳಿ ಎಡಕ್ಕೆ, ಮೂರೂ ಕೂಡಿದ ಹುರಿ ಬಲಕ್ಕೆ. ಒಂದು ಹುರಿಯ ಉದ್ದ 300 ನ್ಯಾನೊಮೀಟರ್, ದಪ್ಪ ಒಂದೂವರೆ.

ತಿದ್ದುಪಡಿ ಅಚ್ಚಾದ ಎರಡು ತಿಂಗಳೊಳಗೆ ಕೇಂಬ್ರಿಡ್ಜಿನಿಂದ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಬರೆದರು. ಮೂರು ಸರಪಳಿಯ ಹುರಿ ಎಂಬುದು ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಇರಬಾರದಷ್ಟು ಹತ್ತಿರ ಇವೆ. ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಡಲು, ಮದ್ರಾಸಿನವರು ಹೇಳಿದಂತೆ ಮೂರು ಅಮೈನೋ ಆಮ್ಲಕ್ಕೆ ಎರಡು ಹೈಡ್ರೋಜನ್ ಬಂಧ ಸಾಧ್ಯವಿಲ್ಲ, ಒಂದೇ ಸಾಧ್ಯ ಎಂಬುದು ಅವರ ವಾದ. ಡಿಎನ್‌ಎ ಜೋಡಿ ಸುರುಳಿಯ ಕೀರ್ತಿ ಆಗಷ್ಟೇ ಹಬ್ಬಿದ್ದ ಕ್ರಿಕ್ ಮಾತಿಗೆ ತೂಕ ಹೆಚ್ಚು. ಮುಂದೆ ಎಷ್ಟೋ ಪುಸ್ತಕಗಳು ಕೊಲಾಜೆನ್ ಎಂದಾಗ ಅವರಿಬ್ಬರ ಹೆಸರನ್ನೇ ಮೊದಲು ಹೇಳಿದವು. ಇದು ನ್ಯಾಯವಲ್ಲ. ಗ್ಲೈಸಿನ್ನಿನ ಜಾಗ, ಒಂದರ ಪಕ್ಕ ಒಂದು ಒಂದೇ ದಿಕ್ಕಿಗೆ ಸಾಗುವ ಮೂರು ಸರಪಳಿ, ಅವು ಸುತ್ತಿಕೊಂಡ ಹುರಿ, ಇವಿಷ್ಟೂ ಮದ್ರಾಸಿನ ಆಲೋಚನೆ. ಹೈಡ್ರೋಜನ್ ಬಂಧದ ಲೆಕ್ಕದಲ್ಲಿ ಮಾತ್ರ ಕೇಂಬ್ರಿಡ್ಜಿನವರು ಸರಿ ಇದ್ದರು, ಅದನ್ನೂ ಹೇಳಲೇಬೇಕು.

ಆದರೆ ಆ ಟೀಕೆಯಿಂದ ಹುಟ್ಟಿದ್ದು ಕೊಲಾಜೆನ್ನಿಗಿಂತ ದೊಡ್ಡದು. ‘ಇರಬಾರದಷ್ಟು ಹತ್ತಿರ’ ಎಂದರೆ ಎಷ್ಟು ಹತ್ತಿರ? ಈ ಪ್ರಶ್ನೆ ರಾಮಚಂದ್ರನ್ ಅವರನ್ನು ಬಿಡಲಿಲ್ಲ. ವಿ. ಶಶಿಶೇಖರನ್ ಅವರ ಜೊತೆ ಕೂತು, ಅಲ್ಲಿಯವರೆಗೆ ಪ್ರಕಟವಾದ ಹರಳುಗಳ ರಚನೆಗಳಲ್ಲಿ ಪರಮಾಣು ಪರಮಾಣುಗಳ ನಡುವಿನ ಅಂತರಗಳನ್ನು ಒಂದೊಂದಾಗಿ ಕಲೆಹಾಕಿದರು. ಪುಸ್ತಕದವರು ಹಾಕಿದ ಗೆರೆಗಿಂತ ಹತ್ತಿರ ಬಂದ ಜೋಡಿಗಳು ನಿಸರ್ಗದಲ್ಲಿ ಬೇಕಾದಷ್ಟಿದ್ದವು. ಸಾಮಾನ್ಯ ಮಿತಿ ಒಂದು, ಕಟ್ಟಕಡೆಯ ಮಿತಿ ಇನ್ನೊಂದು ಎಂದು ಗುರುತು ಹಾಕಿಕೊಂಡರು. ಸಿ. ರಾಮಕೃಷ್ಣನ್ ಜೊತೆಗೂಡಿದರು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯಲ್ಲೂ ತಿರುಗಬಲ್ಲ ಕೋನಗಳು ಎರಡೇ. ಒಂದನ್ನು ಅಡ್ಡಗೆರೆಯ ಮೇಲೆ, ಇನ್ನೊಂದನ್ನು ನಿಲುಗೆರೆಯ ಮೇಲೆ ಇಟ್ಟು, ಪರಮಾಣುಗಳು ಡಿಕ್ಕಿಯಾಗದ ಜಾಗಗಳಿಗೆಲ್ಲ ಎಲ್ಲೆ ಕಟ್ಟಿದರೆ ಒಂದು ಸಣ್ಣ ನಕ್ಷೆ ಆಗುತ್ತದೆ. ಅದರಲ್ಲಿ ಖಾಲಿ ಬಿಟ್ಟ ಜಾಗವೇ ಹೆಚ್ಚು, ಅಲ್ಲಿಗೆ ಯಾವ ಪ್ರೋಟೀನೂ ಸಲೀಸಾಗಿ ಹೋಗಲಾರದು. ಲೇಖನ ಅಚ್ಚಾದದ್ದು 1963ರಲ್ಲಿ, ಫಾರ್ಕರ್ ಮತ್ತು ಪಲಾಡೆ ಕೋಶಗಳ ಬೆಸುಗೆ ತೋರಿಸಿದ ವರ್ಷವೇ. ಇವತ್ತು ಹೊಸ ಪ್ರೋಟೀನಿನ ರಚನೆ ಬಿಡಿಸಿದವರು, ಲಸಿಕೆಗೋ ಔಷಧಿಗೋ, ಮೊದಲು ಮಾಡುವ ಪರೀಕ್ಷೆಗಳಲ್ಲಿ ಒಂದು ರಾಮಚಂದ್ರನ್ ನಕ್ಷೆಯ ಮೇಲೆ ಅದನ್ನಿಟ್ಟು ನೋಡುವುದು.

1970ರ ದಶಕದ ಆರಂಭದಲ್ಲಿ ಅವರು ಮದ್ರಾಸು ಬಿಟ್ಟು ಮತ್ತೆ ಬೆಂಗಳೂರಿಗೆ ಬಂದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಕಟ್ಟಿದ ಅಣು ಜೈವಿಕ ಭೌತವಿಜ್ಞಾನ ಘಟಕ ಇವತ್ತಿಗೂ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತಿದೆ. ಶಶಿಶೇಖರನ್, ರಾಮಕೃಷ್ಣನ್ ಕೂಡ ಇಲ್ಲಿಗೇ ಬಂದರು. ಲಕ್ಷ್ಮೀನಾರಾಯಣನ್ ಎಂಬ ಸಹೋದ್ಯೋಗಿಯ ಜೊತೆ 1971ರಲ್ಲಿ ಅವರು ಬರೆದ ಇನ್ನೊಂದು ಲೇಖನವಿದೆ. ಹಲವು ದಿಕ್ಕಿನಿಂದ ತೆಗೆದ ಎಕ್ಸ್-ರೇ ಚಿತ್ರಗಳಿಂದ ಒಳಗಿನ ವಸ್ತುವನ್ನು ಮೂರು ಆಯಾಮದಲ್ಲಿ ಮರಳಿ ಕಟ್ಟುವ ಸುಲಭ ಗಣಿತ ಅದರಲ್ಲಿದೆ. ಸ್ಕ್ಯಾನ್ ಯಂತ್ರಗಳು ಮುಂದೆ ಬಹಳ ಕಾಲ ನಡೆದದ್ದು ಆ ಬಗೆಯ ಗಣಿತದ ಮೇಲೇ. ಅಂಗಾಂಶದ ಒಂದು ಎಳೆಯಿಂದ ಇಡೀ ಮೈಯನ್ನು ಕತ್ತರಿಸದೆ ನೋಡುವವರೆಗೆ ಒಬ್ಬನೇ ಮನುಷ್ಯನ ಕೈ ಚಾಚಿತ್ತು ಎಂಬುದು ನನಗೆ ಇವತ್ತಿಗೂ ಬೆರಗು.

ಕೇಂಬ್ರಿಡ್ಜಿನವರೊಂದಿಗಿನ ಹೈಡ್ರೋಜನ್ ಬಂಧಗಳ ಜಗಳ ಇತ್ಯರ್ಥವಾಗಲು ನಲವತ್ತು ವರ್ಷ ಬೇಕಾಯಿತು. 1968ರಲ್ಲಿ ರಾಮಚಂದ್ರನ್ ಚಂದ್ರಶೇಖರನ್ ಅವರೊಂದಿಗೆ ಒಂದು ಹೊಸ ಮಾತು ಹೇಳಿದ್ದರು: ನೇರ ಬಂಧ ಒಂದೇ ಇರಲಿ, ಎರಡನೆಯದು ನೀರಿನ ಅಣುವಿನ ಮೂಲಕ ಆಗಿರಬಹುದು, ಸರಪಳಿಗಳ ನಡುವೆ ನೀರೇ ಸೇತುವೆಯಾಗಿ ನಿಂತಿರಬಹುದು. 1994ರಲ್ಲಿ ಅಮೆರಿಕದ ಬೆಲ್ಲಾ, ಬ್ರಾಡ್‌ಸ್ಕಿ, ಬರ್ಮನ್ ಮತ್ತು ಸಂಗಡಿಗರು ಕೊಲಾಜೆನ್ನಿನಂಥ ಒಂದು ಕಿರು ಹುರಿಯನ್ನು ಹರಳಾಗಿಸಿ ಪರಮಾಣು ಪರಮಾಣುವಾಗಿ ನೋಡಿದರು. ನೇರ ಬಂಧ ಒಂದೇ ಇತ್ತು. ಹುರಿಯ ಸುತ್ತ ನೀರಿನ ಅಣುಗಳು ಸೇತುವೆ ಕಟ್ಟಿಕೊಂಡು ಸಾಲುಸಾಲಾಗಿ ನಿಂತಿದ್ದವು. ಅವರು ಬೇಕೆಂದೇ ಒಂದು ಗ್ಲೈಸಿನ್ ತೆಗೆದು, ಒಂದೇ ಒಂದು ಗೊಂಚಲು ದೊಡ್ಡದಾದ ಅಲನಿನ್ ಹಾಕಿದ್ದರು. ಆ ಜಾಗದಲ್ಲಿ ಹುರಿ ಉಬ್ಬಿ ಸಡಿಲವಾಗಿತ್ತು. ನಿಸರ್ಗದಲ್ಲಿ ಇದೇ ತಪ್ಪು ಆದರೆ ಮಗುವಿನ ಮೂಳೆ ಎತ್ತಿಕೊಂಡರೇ ಮುರಿಯಬಹುದು. ಮೂಳೆ ಒಡೆಯುವ ಆ ಕಾಯಿಲೆಯ ಎಷ್ಟೋ ಪ್ರಕರಣಗಳಿಗೆ ಮೂಲ ಒಂದು ಗ್ಲೈಸಿನ್ನಿನ ಪಲ್ಲಟ. ಈ ಮೂರೆಳೆಯ ಹುರಿಯ ನೆನಪಿಗೆ ಮದ್ರಾಸಿನ ಚರ್ಮ ಸಂಶೋಧನಾ ಸಂಸ್ಥೆ ತನ್ನ ಸಭಾಂಗಣಕ್ಕೆ ‘ಟ್ರಿಪಲ್ ಹೆಲಿಕ್ಸ್’ ಎಂದೇ ಹೆಸರಿಟ್ಟಿದೆ. ರಾಮಚಂದ್ರನ್ 2001ರ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ ತೀರಿಕೊಂಡರು.

ನೂಲಿನ ರಚನೆ ತಿಳಿದರೂ ಕೋಶ ಅದನ್ನು ಹಿಡಿಯುವುದು ಹೇಗೆ ಎಂಬುದು ಬಾಕಿ ಇತ್ತು. ಕೋಶದ ಪೊರೆಯನ್ನು ಸೀಳಿ ನಿಂತ, ಒಂದು ತುದಿ ಒಳಗಿನ ಕಟ್ಟಡಕ್ಕೂ ಇನ್ನೊಂದು ತುದಿ ಹೊರಗಿನ ನೂಲಿಗೂ ಕೊಂಡಿಯಾಗುವ ಪ್ರೋಟೀನುಗಳಿಗೆ 1986ರಲ್ಲಿ ರಿಚರ್ಡ್ ಹೈನ್ಸ್ ಮತ್ತು ಸಂಗಡಿಗರು ಇಂಟೆಗ್ರಿನ್ ಎಂದು ಹೆಸರಿಟ್ಟರು. ಕೊಲಾಜೆನ್ನಿನ ಮೂರೆಳೆಯ ಹುರಿಯಲ್ಲಿ ಇಂಟೆಗ್ರಿನ್ ಕೈಯಿಡುವ ಗುರುತಿನ ಜಾಗಗಳಿವೆ. ಹುರಿ ಬಿಚ್ಚಿ ಜೆಲಾಟಿನ್ ಆದರೆ ಆ ಜಾಗಗಳಲ್ಲಿ ಅದಕ್ಕೆ ಹಿಡಿತ ಸಿಗುವುದಿಲ್ಲ.

ದನ ಸಾಕುವವರು ತಿಳಿಯಬೇಕಾದ ಮಾತು ಒಂದು ಉಳಿದಿದೆ. ಕೋಶ ತಾನು ನೇಯ್ದ ಕೊಲಾಜೆನ್ನನ್ನು ಹಾಗೇ ಹೊರಗೆ ಬಿಡುವುದಿಲ್ಲ. ಎರಡೂ ತುದಿಗೆ ಬಾಲ ಸೇರಿಸಿ ಬಿಡುತ್ತದೆ. ಬಾಲ ಇರುವವರೆಗೆ ಹುರಿಗಳು ಒಂದಕ್ಕೊಂದು ಅಂಟುವುದಿಲ್ಲ. ಅದು ಕೋಶದ ಎಚ್ಚರಿಕೆ, ಒಳಗೇ ಗಟ್ಟಿಯಾಗಿಬಿಟ್ಟರೆ ಕೋಶ ಉಳಿಯದು. ಹೊರಗೆ ಬಂದ ಮೇಲೆ ಕಿಣ್ವಗಳು ಬಾಲ ಕತ್ತರಿಸುತ್ತವೆ, ಆಗ ಹುರಿಗಳು ತಾವಾಗಿ ಒಂದರ ಮಗ್ಗುಲಿಗೊಂದು ಸೇರಿ ದಪ್ಪ ಎಳೆಗಳಾಗುತ್ತವೆ. ಬೆಲ್ಜಿಯಂನಲ್ಲಿ ಕೆಲವು ಕರುಗಳು ಹುಟ್ಟುವಾಗಲೇ ಸ್ವಲ್ಪ ತರಚಿದರೂ ಹರಿದುಹೋಗುವ ಚರ್ಮ ಹೊತ್ತು ಬರುತ್ತಿದ್ದವು. ತಂದೆ ತಾಯಿ ಎರಡೂ ಕಡೆಯಿಂದ ದೋಷ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ ಅದು. ಲಾಪಿಯೆರ್ ಮತ್ತು ಜೊತೆಗಾರರು 1971ರಲ್ಲಿ ಕಾರಣ ತೋರಿಸಿದರು: ಬಾಲ ಕತ್ತರಿಸುವ ಒಂದು ಕಿಣ್ವ ಈ ಕರುಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ. ಬಾಲ ಉಳಿದ ಹುರಿಗಳು ದುಂಡಗಿನ ಎಳೆಗಳಾಗದೆ ತಿರುಚಿದ ಪಟ್ಟಿಗಳಾಗುತ್ತಿದ್ದವು. ಇದೇ ಕಾಯಿಲೆ ಮಕ್ಕಳಲ್ಲೂ ಇದೆ ಎಂದು ವೈದ್ಯರು ಗುರುತಿಸಿದ್ದು ಅದಾದ ಇಪ್ಪತ್ತು ವರ್ಷಗಳ ಮೇಲೆ, 1992ರಲ್ಲಿ. 1999ರಲ್ಲಿ ಕರುವಿನ ಜೀನನ್ನೂ ಮಗುವಿನ ಜೀನನ್ನೂ ಒಂದೇ ಲೇಖನದಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು. ಎರಡರಲ್ಲೂ ಕೆಟ್ಟಿದ್ದು ಒಂದೇ ಜೀನು.